ಗೇರುಸೊಪ್ಪೆಯ ಪೂರ್ವೋತ್ತರ

ಘಟ್ಟದ ಬುಡದಲ್ಲಿ, ಹೊಳೆಯ ದಡದಲ್ಲಿ, ಮಳೆಗಾಡಿನ ನಡುವೆ ಇರುವ ಹಳ್ಳಿಗಳನ್ನು ಕುಗ್ರಾಮಗಳೆಂದು ಕರೆಯುವುದು ಲೋಕರೂಢಿಯಾಗಿದೆ. ಕಾಡಿರುವುದರಿಂದ ದಾರಿಯಿಲ್ಲ, ದಾರಿಯಿಲ್ಲದುದರಿಂದ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದುದರಿಂದ ಸಂಪತ್ತೂ ವಿದ್ಯೆಯೂ ಇಲ್ಲವೆಂಬುದು ಈ ರೂಢಿಯ ಹಿಂದಿರುವ ತರ್ಕ. ಇದನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು, ಶರಾವತೀತೀರದ ಗೇರುಸೊಪ್ಪೆಯ ಚರಿತ್ರೆಯ ಮುಂದೆ ಇದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿ, ಆಳವಾದ ಕಣಿವೆಯಲ್ಲಿ ಪಡುವಣಕ್ಕೆ ಹರಿದು, ಹೊನ್ನಾವರದ ಬಳಿ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯಿಂದ ಸುಮಾರು 30 ಕಿಲೋಮೀಟರು ಒಳಗೆ ಗೇರುಸೊಪ್ಪೆಯಿದೆ. ಕಡಲಿನ ಕಡೆಯಿಂದ ಬಂದ ದೋಣಿಯು ಇಲ್ಲಿಯವರೆಗೆ ಸುಖವಾಗಿ ಬರುತ್ತಿತ್ತು. ಇಲ್ಲಿಂದ ಮುಂದೆ ಘಟ್ಟದ ಏರುದಾರಿ. ಮೇಲಿನಿಂದ ಬಂದ ಎತ್ತುಗಳು ಹೇರನ್ನು ಇಳಿಸಿ, ಕೆಳಗಿನಿಂದ ಬಂದ ಸರಕನ್ನು ಹೊತ್ತು ಹಿಂದಿರುಗತಕ್ಕ ಸ್ಥಳವೂ ಇದೇ. ಎಂದಮೇಲೆ ಈ ಊರು ದಾರಿಯಿಲ್ಲದ ಊರಾಗಿರಲಿಲ್ಲ. ಎರಡು ದಾರಿಗಳು ಕೂಡುವ ಊರಾಗಿತ್ತು.

ಊರಿನ ಹೆಸರನ್ನೇ ಮೊದಲು ಪರೀಕ್ಷಿಸೋಣ. ಗೇರು ಎಂದೊಡನೆ ಇಂದಿನವರಿಗೆ ಗೋಡಂಬಿಯ ಮರವು ನೆನಪಾಗುತ್ತದೆ. ಆದರೆ ಆ ಮರವು ಬ್ರೆಜಿಲ್ ದೇಶದ್ದು. ಪೋರ್ಚುಗೀಸರು ಅದನ್ನು 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಅವರ ಹಡಗು ಮೊದಲು ಈ ಕಡಲಿಗೆ ಬಂದುದು 1498ರಲ್ಲಿ. ಗೇರುಸೊಪ್ಪೆಯ ಅರಸರಾದರೋ 15ನೆಯ ಶತಮಾನದ ಆದಿಯಲ್ಲಿಯೇ ವಿಜಯನಗರದ ಅಧೀನರಾಗಿ ಪ್ರಸಿದ್ಧರಾಗಿದ್ದರು. ಆದುದರಿಂದ ಊರಿನ ಹೆಸರಿನಲ್ಲಿರುವ ಗೇರು ಬೇರೆ ಇರಬೇಕು. ಅದು ಯಾವುದೆಂಬುದನ್ನು ಸಂಸ್ಕೃತದ ಹೆಸರು ತಿಳಿಸುತ್ತದೆ: ಭಲ್ಲಾತಕೀಪುರ. ಅಮರಸಿಂಹನು ಭಲ್ಲಾತಕಿಗೆ ಅರುಷ್ಕರ, ಅಗ್ನಿಮುಖೀ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಅರುಷ್ಕರವೆಂದರೆ ಹುಣ್ಣನ್ನು ಮಾಡುವುದು. ಮೈಗೆ ಸೋಂಕಿದರೆ ಬೊಬ್ಬೆಯೇಳಿಸುವ, ಮಡಿವಾಳರು ಬಟ್ಟೆಗೆ ಗುರುತುಹಾಕುತ್ತಿದ್ದ ಕರಿಗೇರೇ ಇದು. ನಮ್ಮ ಕಾಡಿನ ಸ್ವಂತ ಮರ. ಹೊಸ ಮರವು ಬಂದು ಹಳೆಯ ಮರದ ಹೆಸರನ್ನು ಆಕ್ರಮಿಸಿತು.

ಇದೇ ಗತಿಯು ಮೆಣಸು ಎಂಬ ಶಬ್ದಕ್ಕೂ ಆಯಿತು. ಸಂಸ್ಕೃತದ ಮರೀಚಕ್ಕೆ ಕನ್ನಡದಲ್ಲಿ ಮೆಣಸು ಎಂಬ ಒಂದೇ ಮಾತು ಸಾಕಾಗಿತ್ತು. ಅಮೆರಿಕದ ಮೆಣಸಿನಕಾಯಿ ಬಂದ ಮೇಲೆ, ಮನೆಯೊಡೆಯನೇ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣವನ್ನು ಧರಿಸಿ ತನ್ನ ಗುರುತನ್ನು ಹೇಳಿಕೊಳ್ಳಬೇಕಾಯಿತು. ಮೆಣಸನ್ನು ಕೊಳ್ಳಲು ಬಂದವರ ಹಡಗುಗಳಲ್ಲಿಯೇ ಈ ಎರಡು ನೂತನ ಸಸ್ಯಗಳೂ ಬಂದುವೆಂಬುದನ್ನು ವಾಚಕರು ಗಮನಿಸಬೇಕು. ಗೇರುಸೊಪ್ಪೆಯ ಇತಿಹಾಸವು ಶಾಸನಗಳಲ್ಲಿ ಮಾತ್ರವಲ್ಲದೆ, ನಾವು ದಿನವೂ ಆಡುವ ಮಾತಿನಲ್ಲಿಯೂ ಅಡಗಿದೆ.

ಮೆಣಸಿನ ಬಳ್ಳಿಯು ಪಶ್ಚಿಮಘಟ್ಟಗಳ ಸಹಜ ಸಂತಾನ. ಅದಕ್ಕೆ ಮಳೆ ಬೇಕು, ನೆರಳು ಬೇಕು, ಏರುವುದಕ್ಕೆ ಮರ ಬೇಕು. ಕಾಡನ್ನು ಕಡಿದು ಬಯಲುಮಾಡಿದರೆ ಅದಕ್ಕೆ ನೆಲೆಯಿಲ್ಲ. 1801ರಲ್ಲಿ ಈ ಪ್ರಾಂತಗಳಲ್ಲಿ ಸಂಚರಿಸಿದ ಬುಕನನ್ನನು ಘಟ್ಟದ ಮೇಲಿನ ಕಾನುಗಳಲ್ಲಿ ಮೆಣಸು ಬೆಳೆಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಕಾನೆಂಬುದು ಬರಿಯ ಅರಣ್ಯವಲ್ಲ. ಊರವರು ದೇವರ ಭಯದಿಂದಲೂ ಫಲದ ಆಸೆಯಿಂದಲೂ ಕಾದುಕೊಂಡು ಬಂದ ನಿತ್ಯಹರಿದ್ವರ್ಣದ ಕಾಡು. ಹೀಗಿರುವಲ್ಲಿ, ಗೇರುಸೊಪ್ಪೆಯ ಐಶ್ವರ್ಯವು ಕಾಡಿದ್ದರೂ ಬಂದುದಲ್ಲ, ಕಾಡಿದ್ದುದರಿಂದಲೇ ಬಂದುದು. ಪೂರ್ವಪಕ್ಷದ ಮೊದಲ ಅಂಗವು ಇಲ್ಲಿಗೆ ಮುರಿಯಿತು.

ಆ ಐಶ್ವರ್ಯವು ವಿದ್ಯೆಯಾಗಿಯೂ ಶಿಲ್ಪವಾಗಿಯೂ ಪರಿಣಮಿಸಿತು. ಹಿಂದಿನ ಕವಿಗಳ ಪದ್ಯಗಳನ್ನು ವಿಷಯಾನುಸಾರವಾಗಿ ಸಂಕಲಿಸಿ ಕಾವ್ಯಸಾರವನ್ನು ರಚಿಸಿದ ಅಭಿನವವಾದಿ ವಿದ್ಯಾನಂದನು 16ನೆಯ ಶತಮಾನದಲ್ಲಿ ಇದೇ ಊರಿನಲ್ಲಿದ್ದವನು. ಕನ್ನಡ ಸಾಹಿತ್ಯವನ್ನು ಬೋಧಿಸುವವರೆಲ್ಲರೂ ಅವನಿಗೆ ಋಣಿಗಳು. ಕ್ಷೇಮಪುರವೆಂದು ಶಾಸನಗಳು ಹೊಗಳುವ ಈ ನಗರದಲ್ಲಿ, ನೇಮಿನಾಥ ಚೈತ್ಯಾಲಯದ ಮುಂದೆ ಅಂಬವಣ ಶ್ರೇಷ್ಠಿಯೆಂಬ ವರ್ತಕನು ಸುಮಾರು 1560ರಲ್ಲಿ ಮಾನಸ್ತಂಭವನ್ನು ಮಾಡಿಸಿದನು. ನಾಲ್ಕು ದಿಕ್ಕಿಗೂ ಬಾಗಿಲಿರುವ, ನಾಲ್ಕು ದಿಕ್ಕಿಗೂ ಜಿನಬಿಂಬವು ಮುಖಮಾಡಿರುವ ಚತುರ್ಮುಖಬಸದಿಯು ನಗರಬಸ್ತಿಕೇರಿಯಲ್ಲಿ ಇಂದಿಗೂ ನಿಂತಿದೆ. ಊರಿನಲ್ಲಿ ಒಂದು ಲಕ್ಷ ಮನೆಗಳೂ 84 ದೇವಾಲಯಗಳೂ ಇದ್ದುವೆಂಬ ಸ್ಥಳೀಯ ಹೇಳಿಕೆಯನ್ನು ಗ್ಯಾಸೆಟಿಯರಿನವರು ಬರೆದಿಟ್ಟಿದ್ದಾರೆ. ಇದನ್ನು ಗಣಿತವಾಗಿ ಸ್ವೀಕರಿಸಲಾಗದು, ಸ್ತುತಿಯಾಗಿ ಸ್ವೀಕರಿಸಬಹುದು. ಮುಖ್ಯವಾದುದು ಇಷ್ಟು: ಮೆಣಸಿನಿಂದ ಬಂದ ಹಣವು ಮೆಣಸು ಬೆಳೆದ ಹೊಳೆಯ ದಡದಲ್ಲಿಯೇ ಕಲ್ಲಾಗಿ, ಕಂಚಾಗಿ, ಕಾವ್ಯವಾಗಿ ನಿಂತಿತು.

16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. 17ನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪನಾಯಕನು ಆಕೆಯ ರಾಜ್ಯವನ್ನು ಗೆದ್ದುಕೊಂಡನು. 1623ರಲ್ಲಿ ಇಟಲಿಯ ಪ್ರವಾಸಿಯಾದ ಪಿಯೇತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದು, ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಹೊಳೆಯ ಚೆಲುವನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಆದರೆ ಊರು ಹಾಳಾಗಿ, ಅರಮನೆಯ ಮೇಲೆ ಮರಗಳು ಬೆಳೆದು, ರೈತರ ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುದನ್ನೂ ಹೇಳಿದ್ದಾನೆ. ರಾಣಿಯು ಪರದೇಶದ ಒಬ್ಬ ನೀಚನನ್ನು ಮೋಹಿಸಿ ಕೆಟ್ಟಳೆಂಬ ಕಥೆಯೂ ಅವನಲ್ಲಿದೆ. ಜಯಶಾಲಿಯ ಆಸ್ಥಾನಕ್ಕೆ ಹೋಗುತ್ತಿದ್ದವರ ಮಧ್ಯದಲ್ಲಿ ಕೇಳಿದ ಮಾತಾದುದರಿಂದ ಅದನ್ನು ಪ್ರಮಾಣವಾಗಿ ಎಣಿಸತಕ್ಕದ್ದಲ್ಲ. ಕಣ್ಣಾರೆ ಕಂಡುದಕ್ಕೂ ಕಿವಿಯಾರೆ ಕೇಳಿದುದಕ್ಕೂ ಇರುವ ಭೇದವನ್ನು ಚರಿತ್ರಕಾರನು ಮರೆಯಬಾರದು.

ಇಪ್ಪತ್ತು ವರ್ಷ ತುಂಬುವುದರೊಳಗಾಗಿ ರಾಜಧಾನಿಯು ಕಾಡಾಯಿತು. ಹೊಳೆ ಬತ್ತಲಿಲ್ಲ, ಬಳ್ಳಿ ಒಣಗಲಿಲ್ಲ, ಘಟ್ಟದ ದಾರಿಯೂ ಮುಚ್ಚಲಿಲ್ಲ. ಆ ರಾಯಭಾರಿಯ ಪ್ರಯಾಣವೇ ಇದಕ್ಕೆ ಸಾಕ್ಷಿ. ಹಾಗಾದರೆ ಕಳೆದುಹೋದುದೇನು? ಸುಂಕವನ್ನು ಎತ್ತುವ, ಬೆಲೆಯನ್ನು ಕಟ್ಟುವ ಅಧಿಕಾರವು ಹೊಳೆಯ ದಡವನ್ನು ಬಿಟ್ಟು ಇಕ್ಕೇರಿಗೆ ಹೋಯಿತು. ದಾರಿಗಳು ಕೂಡುತ್ತಿದ್ದ ಊರು ದಾರಿಹೋಕರು ದಾಟಿಹೋಗುವ ಊರಾಯಿತು. ಕುಗ್ರಾಮತ್ವವು ಈ ಊರಿಗೆ ನಿಸರ್ಗದಿಂದ ಬಂದ ಗುಣವಲ್ಲ, ಚರಿತ್ರೆಯಿಂದ ಬಂದ ಅವಸ್ಥೆ ಎಂಬುದೇ ನನ್ನ ಸಿದ್ಧಾಂತ.

ಅರಸು ಹೋದರೂ ಆ ಗುಡಿಸಲುಗಳವರು ಹೋಗಲಿಲ್ಲ. ಅಡಕೆಯ ಮರಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದು, ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಗೊಬ್ಬರ ಮಾಡುವುದು, ಮಳೆಗಾಲಕ್ಕೆ ಮುಂಚೆ ಕಟ್ಟಿಗೆಯನ್ನೂ ಕಾಳನ್ನೂ ಕೂಡಿಡುವುದು, ಹೊಳೆಯನ್ನು ದೋಣಿಯಲ್ಲಿ ದಾಟುವುದು, ಇವೇ ಈ ಕಣಿವೆಯ ಬಾಳಿನ ಕ್ರಮವಾಗಿ ಉಳಿದುವು. ಆಂಗ್ಲರ ಕಾಲದಲ್ಲಿ ಕಾಡು ಸರ್ಕಾರದ ರಕ್ಷಿತಾರಣ್ಯವಾಯಿತು. ಊರು ತನ್ನ ಕಾನಿಗೆ ತಾನೇ ಅರ್ಜಿದಾರನಾಗಿ ನಿಲ್ಲಬೇಕಾಯಿತು. ಹೆಸರು ಸಹ ಕೈತಪ್ಪಿತು: ಆಂಗ್ಲರು ದೂರದ ಜೋಗಕ್ಕೆ ಗೇರುಸೊಪ್ಪೆಯ ಜಲಪಾತವೆಂದು ಹೆಸರಿಟ್ಟರು, ಲೋಕವು ಹೆಸರನ್ನು ಅರಿತು ಊರನ್ನು ಮರೆಯಿತು.

ಸ್ವಾತಂತ್ರ್ಯಾನಂತರ ಹೊಳೆಗೆ ಹೊಸ ಉದ್ಯೋಗವು ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರವೂ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೂ, 21ನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿಯೇ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವೂ ಸಿದ್ಧವಾದುವು. ಇವುಗಳಿಂದ ನಾಡಿಗಾದ ಉಪಕಾರವು ಅಲ್ಪವಲ್ಲ. ಆದರೆ ವರ್ಷವಿಡೀ ಮೇಲಿನಿಂದ ಬಿಡುವ ಸಿಹಿನೀರಿನಿಂದ ಅಳಿವೆಯ ಉಪ್ಪು ತಗ್ಗಿ, ಉಪ್ಪುನೀರನ್ನು ನೆಚ್ಚಿದ ಮೀನುಗಳೂ ಚಿಪ್ಪುಗಳೂ ಕಡಮೆಯಾದುವೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಬೆಳಕು ನಾಡಿಗೆ, ನಷ್ಟವು ದಡಕ್ಕೆ!

ಈಗ ಮತ್ತೊಂದು ಯೋಜನೆಯು ವಿಚಾರಕ್ಕೆ ಬಂದಿದೆ. ತಲಕಳಲೆಯ ಜಲಾಶಯಕ್ಕೂ ಗೇರುಸೊಪ್ಪೆಯ ಜಲಾಶಯಕ್ಕೂ ನಡುವೆ ನೀರನ್ನು ಇಳಿಸಿ, ಪುನಃ ಮೇಲೇರಿಸಿ, 2000 ಮೆಗಾವ್ಯಾಟ್ ವಿದ್ಯುತ್ತನ್ನು ಪಡೆಯುವುದು ಇದರ ಸ್ವರೂಪ. 2025ರಲ್ಲಿ ಇದರ ಬಗ್ಗೆ ಸಾರ್ವಜನಿಕ ಅಹವಾಲುಸಭೆಗಳು ನಡೆದು ವಿರೋಧವೂ ವ್ಯಕ್ತವಾಯಿತು. ಈ ಕಣಿವೆಯು 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವೆಂದು ಘೋಷಿತವಾದ ಪ್ರದೇಶ. ನೆರೆಯ ಕತ್ತಲೆಕಾನಿನ ರಾಮಪತ್ರೆಯ ಜಡ್ಡಿಗಳಂಥವು ಒಮ್ಮೆ ಅಳಿದರೆ ಮರಳಿ ಹುಟ್ಟತಕ್ಕವಲ್ಲ. ವಿದ್ಯುತ್ತು ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ; ಯಂತ್ರಶಾಸ್ತ್ರದಲ್ಲಿ ನನಗೆ ಅಧಿಕಾರವೂ ಇಲ್ಲ. ಆದರೆ ಚರಿತ್ರೆಯು ಕೇಳುವ ಪ್ರಶ್ನೆಯನ್ನು ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇನೆ: ಹೊಳೆಯ ಫಲವು ಈ ಬಾರಿ ದಡದಲ್ಲಿ ಎಷ್ಟು ನಿಲ್ಲುತ್ತದೆ?

ನಿಗಮನವಿಷ್ಟು. ಇಂದು ಹೆದ್ದಾರಿಯು ಗೇರುಸೊಪ್ಪೆಯ ಮೂಲಕವೇ ಘಟ್ಟವನ್ನೇರುತ್ತದೆ. ಆದರೂ ದಾರಿಯಿದ್ದ ಮಾತ್ರಕ್ಕೆ ಊರು ಊರಾಗುವುದಿಲ್ಲವೆಂಬುದನ್ನು 1623ರ ಸಾಕ್ಷ್ಯವು ಕಲಿಸಿದೆ. ಕಾಡು ಉಳಿದು, ತೋಟದ ಫಲಕ್ಕೆ ಊರಿನಲ್ಲಿಯೇ ಬೆಲೆ ದೊರೆತು, ಹೊಳೆಯ ವಿಷಯದಲ್ಲಿ ದಡದವರ ಮಾತಿಗೆ ಮನ್ನಣೆಯಿದ್ದರೆ ಈ ಗ್ರಾಮಗಳಿಗೆ ಭವಿಷ್ಯವುಂಟು. ಇಲ್ಲದಿದ್ದರೆ ಕ್ಷೇಮಪುರವೆಂಬ ಹೆಸರು ಶಾಸನದ ಕಲ್ಲಿನಲ್ಲಿ ಮಾತ್ರ ಉಳಿದೀತು. ನಗರಬಸ್ತಿಕೇರಿಯ ಬಸದಿಯು ನಾಲ್ಕು ದಿಕ್ಕಿಗೂ ಬಾಗಿಲು ತೆರೆದುಕೊಂಡು ನಿಂತಿದೆ. ಅದನ್ನು ಕಟ್ಟಿದವರಿಗೆ ತಮ್ಮ ಊರು ಲೋಕದಿಂದ ದೂರವೆಂಬ ಭಾವನೆ ಇದ್ದಂತೆ ಕಾಣುವುದಿಲ್ಲ. ಈ ಅಭಿಪ್ರಾಯದಲ್ಲಿ ದೋಷವಿದ್ದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.