ಅಳಿಸುವ ಪಾಟಿ, ಅಳಿಸದ ಪಾಟಿ

ಧಾರವಾಡದ ಕಡೆಯವರಿಗೆ ‘ಪಾಟಿ’ ಎಂದರೆ ಕಟ್ಟಿಗೆಯ ಚೌಕಟ್ಟಿನ ಕರಿಕಲ್ಲು. ಬಳಪದಿಂದ ಬರೆಯುವುದು, ಉಗುಳು ಹಚ್ಚಿ ಅಂಗೈಯಿಂದ ಒರೆಸುವುದು. ಕಲ್ಲಿನ ಪಾಟಿ ಹೋಗಿ ನೋಟುಬುಕ್ಕು ಬಂದರೂ ಅಲ್ಲಿಯ ಮಕ್ಕಳು ಹೆಗಲಿಗೇರಿಸುವುದು ‘ಪಾಟಿಚೀಲ’ವನ್ನೇ. ಪುಣೆಗೆ ಬಂದು ಸದಾಶಿವ ಪೇಟೆಯ ಓಣಿ ಹೊಕ್ಕರೆ ಇದೇ ಮಾತು ಗೇಟಿನ ಮೇಲೆ ತೂಗುತ್ತಿರುತ್ತದೆ. ಇಲ್ಲಿ ಪಾಟಿ ಎಂದರೆ ಫಲಕ. ಬಾಗಿಲ ಮುಂದೆ ಗಾಡಿ ನಿಲ್ಲಿಸಬೇಡಿ, ಮಧ್ಯಾಹ್ನ ಗಂಟೆ ಒತ್ತಬೇಡಿ ಎಂದು ಖಡಾಖಂಡಿತವಾಗಿ ಹೇಳುವ ‘ಪುಣೇರಿ ಪಾಟಿ’.

ಈ ಫಲಕಗಳೀಗ ಪುಟಾಣಿಯಾಗಿ ಫ್ರಿಜ್ಜಿನ ಬಾಗಿಲಿಗೂ ಬಂದಿವೆ. ನಾನೂ ಬಾಲ್ಕನಿಯಲ್ಲಿ ಸಣ್ಣ ಡಯೋಡ್ ಲೇಸರ್ ಇಟ್ಟುಕೊಂಡು ಮಾಡುತ್ತೇನೆ. ಹನ್ನೆರಡಕ್ಕೆ ಒಂದರ ಅಳತೆ: ಎರಡಡಿಯ ಫಲಕ ಎರಡಿಂಚಾಗುತ್ತದೆ, ಮೂರಿಂಚಿನ ಅಕ್ಷರ ಕಾಲಿಂಚಿಗೆ ಇಳಿಯುತ್ತದೆ. 3 ಮಿ.ಮೀ. ಎಂಡಿಎಫ್ ಹಾಳೆಗೆ ಬಣ್ಣ ಬಳಿದು, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಅಕ್ಷರ ಸುಡಬೇಕು. ಸುಟ್ಟ ಗುಳಿಗೆ ಬಿಳಿ ಬಣ್ಣ ತುಂಬಿ, ಒಣಗಿದ ಮೇಲೆ ಟೇಪ್ ಎಬ್ಬಿದರೆ ಹೊಗೆಯ ಕಲೆಯಿಲ್ಲದ ಅಚ್ಚುಕಟ್ಟಾದ ಫಲಕ ಕೈಗೆ ಬರುತ್ತದೆ. ನಾಟಕದ ಮೇಜಿಗೆ ಬೇಕಾದ ಶಾಲೆಯ ಪಾಟಿಯ ಪ್ರತಿಕೃತಿಯೂ ಅದೇ ಹಾಳೆಯಿಂದ ಹುಟ್ಟುತ್ತದೆ. ಎರಡು ಪಾಟಿಗಳನ್ನೂ ಒಂದೇ ಮಣೆಯ ಮೇಲೆ ಕೊಯ್ಯುವಾಗಲೇ ಈ ಪದದ ಬೆನ್ನು ಹತ್ತಬೇಕೆನಿಸಿತು.

ಬೇರು ಸಂಸ್ಕೃತದ ‘ಪಟ್ಟ’, ‘ಪಟ್ಟಿಕಾ’: ಚಪ್ಪಟೆ ಹಲಗೆ, ಬರೆಯುವ ತಗಡು. ‘ಸಪ್ತ’ವು ‘ಸತ್ತ’ ಆಗಿ, ಒತ್ತು ಸವೆದು ಸ್ವರ ಹಿಗ್ಗಿ, ಮರಾಠಿಯಲ್ಲಿ ‘ಸಾತ್’ ಆಯಿತಲ್ಲ, ಅದೇ ದಾರಿಯಲ್ಲಿ ‘ಪಟ್ಟ’ ಊಟಕ್ಕೆ ಕೂರುವ ‘ಪಾಟ’ವಾಯಿತು, ‘ಪಟ್ಟಿಕಾ’ ‘ಪಾಟಿ’ಯಾಯಿತು. ಶಾಸನಗಳ ‘ಪಟ್ಟಕಿಲ’ ಸವೆದು ನಮ್ಮ ಊರೂರಿನ ಪಾಟೀಲರಾದದ್ದೂ ಹೀಗೆಯೇ. ಕನ್ನಡ ಮಾತ್ರ ಒತ್ತನ್ನು ಬಿಟ್ಟುಕೊಡಲಿಲ್ಲ. ಅರಸನ ಹಣೆಗೆ ಕಟ್ಟಿದ್ದು ಪಟ್ಟ, ಸಾಮಾನು ಬರೆದದ್ದು ಪಟ್ಟಿ. ಆಮೇಲೆ ಮರಾಠಿಯ ಪಾಟಿಯನ್ನೂ ಬರಮಾಡಿಕೊಂಡೆವು. ಹಾಗಾಗಿ ಒಂದೇ ತಾಯಿಯ ಮಕ್ಕಳು ಪಟ್ಟಿ, ಪಾಟಿ ಎಂಬ ಬೇರೆ ಬೇರೆ ಹೆಸರಲ್ಲಿ ನಮ್ಮ ಮನೆಯಲ್ಲಿದ್ದಾರೆ. (ಕಾಟಾಚಾರದ ಕೆಲಸಕ್ಕೆ ಮರಾಠಿಯವರು ‘ಪಾಟ್ಯಾ ಟಾಕಣೆ’ ಎನ್ನುತ್ತಾರೆ, ಆ ಪಾಟಿ ಎಂದರೆ ಬುಟ್ಟಿ, ಈ ಪಾಟಿಯಲ್ಲ.)

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪದದ ಗಣಿತದ ಬಾಳು. ಅಂಕಗಣಿತಕ್ಕೆ ಹಳೆಯ ಹೆಸರು ‘ಪಾಟೀಗಣಿತ’, ಹಲಗೆಯ ಮೇಲಿನ ಲೆಕ್ಕ. ಹಲಗೆಯ ಮೇಲೆ ಧೂಳು ಹರವಿ ಬೆರಳಿನಿಂದ ಅಂಕಿ ಗೀಚುತ್ತಿದ್ದರಾದ್ದರಿಂದ ‘ಧೂಳೀಕರ್ಮ’ ಎಂದೂ ಕರೆದರು. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ‘ಲೀಲಾವತಿ’ಯ ಮೊದಲ ಶ್ಲೋಕದಲ್ಲೇ ತಮ್ಮ ಕೃತಿಯನ್ನು ಪಾಟಿ ಎಂದಿದ್ದಾರೆ. ಗಣಿತದ ಇತಿಹಾಸ ಬರೆದ ಬಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ಅವರ ಪ್ರಕಾರ ಈ ಮಾತು ಜನರ ಬಾಯಿಂದ ಸಂಸ್ಕೃತದೊಳಕ್ಕೆ ಬಂದದ್ದು 7ನೇ ಶತಮಾನದ ಸುಮಾರಿಗೆ. ಶಾಸ್ತ್ರಕ್ಕೆ ಹೆಸರು ಕೊಟ್ಟದ್ದು ಮನೆಮಾತು! ಗಣಿತದವರ ಧೂಳು, ನಮ್ಮ ಬಳಪ ಎರಡೂ ಅಳಿಸಲೆಂದೇ ಇದ್ದವು. ಬರೆದದ್ದು ಉಳಿಯಲೇಬೇಕೆಂಬ ಹಟ ಹಿಡಿದದ್ದು ಪುಣೆಯ ಪಾಟಿ. ಲೇಸರಿಗೂ ಅದೇ ಹಟ: ಒಂದು ಕಾಗುಣಿತ ತಪ್ಪಿದರೆ ಒರೆಸಲಾಗದು, ಹಾಳೆಯೇ ಬದಲಾಗಬೇಕು.

ಅಕ್ಷರಗಳನ್ನೇ ಬಿಡಿಯಾಗಿ ಕೊಯ್ಯಲು ಕೂತಾಗ ಇನ್ನೊಂದು ಕಂಡಿತು. ದೇವನಾಗರಿಯ ‘ಪಾಟಿ’ ನೆತ್ತಿಗೆರೆಯ ಆಸರೆಯಲ್ಲಿ ಒಂದೇ ತುಂಡಾಗಿ ಮೇಲೇಳುತ್ತದೆ. ಕನ್ನಡದಲ್ಲಿ ‘ಪಾ’ ಒಂದು ಕಡೆ, ‘ಟಿ’ ಒಂದು ಕಡೆ. ‘ಪಟ್ಟ’ ಕೊಯ್ದರಂತೂ ಒತ್ತು ಅಕ್ಷರಕ್ಕೆ ತಾಗದೆ ಕೆಳಗೆ ನಿಲ್ಲುವುದರಿಂದ ಲೇಸರ್ ಮಣೆಯ ಜಾಲರಿಯ ಸಂದಿಯಲ್ಲಿ ಬಿದ್ದು ಕಳೆದೇಹೋಗುತ್ತದೆ. ಚಿಮಟದಲ್ಲಿ ಹುಡುಕಿ ತೆಗೆದು, ಸುಟ್ಟ ಅಂಚು ಒರೆಸಿ, ಅಕ್ಷರಗಳನ್ನು ಸಾಲಾಗಿ ಇಡುತ್ತೇನೆ. ಅವು ಕದಲದಂತೆ ಹಿಂದಿನಿಂದ ಎಂಡಿಎಫ್‌ನ ಸಪೂರ ಎಳೆಯೊಂದನ್ನು ಅಂಟಿಸಬೇಕು. ಆ ಎಳೆಗೆ ನಾವು ಹೇಳುವುದು ಪಟ್ಟಿ ಎಂದೇ.