ನದಿಯ ಅಳತೆಗಂಬ

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಗೆ ಎಷ್ಟು ಅಡಿ ನೀರು ಬಂದಿತೆಂದು ವಿಚಾರಿಸದವರು ಮೈಸೂರು, ಮಂಡ್ಯದ ಸೀಮೆಯಲ್ಲಿ ಅಪೂರ್ವ. 124.80 ಅಡಿಯೆಂಬುದು ಅಲ್ಲಿನವರಿಗೆ ಬರಿಯ ಅಂಕಿಯಲ್ಲ. ಬರುವ ವರ್ಷದ ಅನ್ನ. ಇಂಥ ಒಂದು ಅಂಕಿಯನ್ನು ಕಾಣುವುದಕ್ಕಾಗಿಯೇ ಸಾವಿರ ವರ್ಷಕ್ಕೂ ಹಿಂದೆ ಕಟ್ಟಡವೊಂದನ್ನು ಕಟ್ಟಿದ ನಗರವುಂಟು. ಅದು ಈಜಿಪ್ಟಿನ ಕೈರೋ.

ಈಜಿಪ್ಟಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಇಥಿಯೋಪಿಯದ ಬೆಟ್ಟಗಳಲ್ಲಿ ಸುರಿದ ಮಳೆಯೇ ನೈಲ್ ನದಿಯ ಪ್ರವಾಹವಾಗಿ ಬಂದು, ಹೊಲಗಳ ಮೇಲೆ ಹರಡಿ, ಮೆಕ್ಕಲು ಮಣ್ಣನ್ನು ಬಿಟ್ಟು ಇಳಿಯುತ್ತಿದ್ದಿತು. ನೀರು ಕಡಿಮೆಯಾದರೆ ಕ್ಷಾಮ. ಮಿತಿಮೀರಿದರೆ ಊರುಗಳೇ ಮುಳುಗುತ್ತಿದ್ದವು. ಆದರೆ ದೂರದ ಬೆಟ್ಟದ ಮಳೆ ನಗರದವರ ಕಣ್ಣಿಗೆ ಕಾಣುವುದೆಂತು?

ಕ್ರಿ.ಶ. 861ರಲ್ಲಿ, ಅಬ್ಬಾಸಿ ಖಲೀಫನಾದ ಅಲ್ ಮುತವಕ್ಕಿಲನ ಕಾಲದಲ್ಲಿ, ನದಿಯ ನಡುವಿನ ರೋಡಾ ದ್ವೀಪದಲ್ಲಿ ಒಂದು ಅಳತೆಯ ಬಾವಿಯನ್ನು ಕಟ್ಟಿದರು. ಕಲ್ಲು ಕಟ್ಟಿದ ಆಳವಾದ ಬಾವಿ. ಗೋಡೆಯ ಸುತ್ತ ಇಳಿಯುವ ಮೆಟ್ಟಿಲು. ನದಿಯ ನೀರು ಒಳಬರಲು ಬೇರೆ ಬೇರೆ ಎತ್ತರಗಳಲ್ಲಿ ಮೂರು ಸುರಂಗಗಳು. ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ. ಅದರ ಮೇಲೆ ಮೊಳಗಳ ಗುರುತು. ಒಂದು ಮೊಳವೆಂದರೆ ಸುಮಾರು 54 ಸೆಂಟಿಮೀಟರು. ಹೊರಗೆ ಹೊಳೆ ಎಷ್ಟೇ ಅಲ್ಲೋಲಕಲ್ಲೋಲವಾಗಿರಲಿ, ಬಾವಿಯ ನೀರು ಶಾಂತವಾಗಿ ನಿಂತು ತನ್ನ ಲೆಕ್ಕವನ್ನು ಒಪ್ಪಿಸುತ್ತಿದ್ದಿತು.

ಹದಿನಾರು ಮೊಳವೆಂದರೆ ಸುಭಿಕ್ಷ. ನೀರು ಅಲ್ಲಿಗೆ ಮುಟ್ಟಿದರೆ ನಗರದ ಕಾಲುವೆಯ ಒಡ್ಡನ್ನು ಕಡಿದು ಹಬ್ಬ ಮಾಡುತ್ತಿದ್ದರು. ಸರಕಾರದ ಕಂದಾಯಕ್ಕೂ ಅದೇ ಆಧಾರ. ಪ್ರವಾಹದ ದಿನಗಳಲ್ಲಿ ಅಳತೆಯ ಅಧಿಕಾರಿ ಕಂಬವನ್ನು ನೋಡುವನು. ಸಾರುವವರು ಬೀದಿಬೀದಿಗಳಲ್ಲಿ, ಇಂದು ಇಷ್ಟು ಅಂಗುಲ ಏರಿತೆಂದು ಕೂಗುವರು. ಬಾವಿಯೊಳಗಿನ ಗುರುತು ಹೀಗೆ ಮನೆಮನೆಯ ಮಾತಾಗುತ್ತಿದ್ದಿತು.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ನೀರು ನಿಧಾನವಾಗಿ ಏರಿದ ವರ್ಷ ಜನರಿಗೆ ದಿಗಿಲು. ವರ್ತಕರು ಕಣಜಗಳನ್ನು ಮುಚ್ಚುವರು. ಬರ ಬರುವ ಮೊದಲೇ ಧಾನ್ಯದ ಬೆಲೆ ಏರುವುದು. ಫಾತಿಮಿ ವಂಶದವರು 969ರಲ್ಲಿ ಈಜಿಪ್ಟನ್ನು ಗೆದ್ದಾಗ ನಾಡು ಕ್ಷಾಮದಿಂದ ಬಳಲಿದ್ದಿತು. ಅವರ ಖಲೀಫ ಅಲ್ ಮುಯಿಜ್ಜನು 973ರಲ್ಲಿ, ನೀರು ಹದಿನಾರು ಮೊಳ ಮುಟ್ಟುವ ತನಕ ಬೀದಿಯಲ್ಲಿ ಸಾರಕೂಡದೆಂದು ಅಪ್ಪಣೆ ಮಾಡಿದನೆಂದು ಚರಿತ್ರಕಾರ ಮಕ್ರೀಜಿ ಬರೆದಿದ್ದಾನೆ. ಅಲ್ಲಿಯವರೆಗೆ ಅಂಕಿ ಅರಮನೆಗೆ ಮಾತ್ರ ಸಲ್ಲತಕ್ಕದ್ದು.

ಖಲೀಫನು ಮಾಡಿದ್ದು ಸರಿಯೆ? ಬಡವನ ಹೊಟ್ಟೆಯ ಮೇಲೆ ಹೊಡೆಯುವ ದಾಸ್ತಾನುಗಾರರನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಕಂದಾಯ ಎತ್ತುವ ಕೈಯೇ ಅಳತೆಯನ್ನೂ ಬಚ್ಚಿಟ್ಟರೆ ರೈತನು ಯಾರನ್ನು ಕೇಳಬೇಕು? ಸುದ್ದಿ ಇಲ್ಲದ ಕಡೆ ಗಾಳಿಮಾತು ಬೆಳೆಯುವುದೂ ಸಹಜ. ಈ ಕಟ್ಟಳೆ ಶಾಶ್ವತವಾಗಿ ಉಳಿಯಲಿಲ್ಲ. ಮುಂದೆಯೂ ಶತಮಾನಗಳ ಕಾಲ ಕೈರೋದ ಬೀದಿಗಳಲ್ಲಿ ಸಾರುವವರ ದನಿ ಕೇಳಿಬರುತ್ತಿದ್ದಿತು.

1970ರಲ್ಲಿ ಅಸ್ವಾನಿನ ಎತ್ತರದ ಅಣೆಕಟ್ಟು ಪೂರ್ಣಗೊಂಡಿತು. ನೈಲ್ ನದಿಯ ವಾರ್ಷಿಕ ಪ್ರವಾಹ ಈಗ ಕೈರೋಗೆ ಬರುವುದಿಲ್ಲ. ಸುರಂಗಗಳನ್ನು ಮುಚ್ಚಿರುವುದರಿಂದ ನೋಡಬಂದವರು ಒಣಗಿದ ಬಾವಿಯೊಳಗೆ ಇಳಿಯಬಹುದು. ಕಂಬ ಇನ್ನೂ ನಿಂತಿದೆ. ಅಳೆಯುವುದಕ್ಕೆ ಒಂದು ಕಂಬ ಸಾಕು. ಅಳೆದದ್ದು ಎಲ್ಲರಿಗೂ ಸೇರಬೇಕಾದರೆ ಸಾರುವ ದನಿಯೂ ಬೇಕು. ಸಂಜೆಯ ವಾರ್ತೆಯಲ್ಲಿ ಜಲಾಶಯದ ಮಟ್ಟವನ್ನು ಕೇಳುವಾಗ, ಆ ಹಳೆಯ ಸಾರುವವರನ್ನು ನಾವು ಒಮ್ಮೆ ನೆನೆಯಬಹುದು.