ಲೆಕ್ಕವೂ ಕಡತವೂ

ಕಣದಲ್ಲಿ ರಾಗಿಯನ್ನಳೆಯುವವನು ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ವೆಂದೆಣಿಸುವ ರೂಢಿಯು ನಮ್ಮ ನಾಡಿನಲ್ಲಿ ಬಹು ಹಳೆಯದು. ಅವನು ಗಟ್ಟಿಯಾಗಿ ಕೂಗುವುದು ಸುತ್ತಲೂ ನಿಂತ ಪಾಲುಗಾರರು ಕೇಳಲೆಂದು. ಒಬ್ಬರ ಸೊತ್ತು ಮತ್ತೊಬ್ಬರ ಕೈಯಲ್ಲಿರುವಾಗ ಹುಟ್ಟುವ ಅಳುಕೇ ಲೆಕ್ಕವೆಂಬ ವಿದ್ಯೆಗೆ ತಾಯಿಯೆಂದು ನನಗೆ ತೋರುತ್ತದೆ.

ಸುಮೇರ್ ದೇಶದ ಪುರಾತನ ಪಟ್ಟಣವಾದ ಉರುಕಿನ ಪಾಳಿನಲ್ಲಿ ಕ್ರಿಸ್ತಪೂರ್ವ 3200ರ ಸುಮಾರಿನಿಂದ ಮೊದಲಾಗುವ ಜೇಡಿಮಣ್ಣಿನ ಹಲಗೆಗಳು ದೊರೆತಿರುವುವು. ಅವುಗಳಲ್ಲಿ ಬಹುಪಾಲು ಸ್ತೋತ್ರಗಳಲ್ಲ, ರಾಜಕಥೆಗಳೂ ಅಲ್ಲ. ಧಾನ್ಯದ, ಕುರಿಯ, ಕೂಲಿಯ ಲೆಕ್ಕಗಳು. ಒಂದು ಹಲಗೆಯಲ್ಲಿ 37 ತಿಂಗಳಲ್ಲಿ 29,086 ಅಳತೆಯ ಜವೆಗೋದಿಯು ಸಂದಿತೆಂದು ಬರೆದು, ‘ಕುಶಿಮ್’ ಎಂಬ ಹೆಸರನ್ನೊತ್ತಿದೆ. ಅದು ಒಬ್ಬ ಮನುಷ್ಯನ ಹೆಸರೋ ಅಧಿಕಾರದ ಹೆಸರೋ ಎಂಬಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು. ಹೇಗಾದರೂ ನಮಗೆ ದೊರೆತ ಅತ್ಯಂತ ಪ್ರಾಚೀನವಾದ ಹೆಸರುಗಳಲ್ಲಿ ಒಂದು ಕವಿಯದಾಗಿರದೆ ಕರಣಿಕನದಾಗಿರುವುದು ಸೋಜಿಗವೇ ಸರಿ.

ನಮ್ಮ ದೇಶದ ಪಾಲಿಗೆ ಈ ವಿಷಯದ ಕೀಲಿಕೈ ಮೈಸೂರಿನಲ್ಲಿಯೇ ದೊರೆಯಿತು. 1905ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಅದರಲ್ಲಿ ‘ಅಕ್ಷಪಟಲ’ವೆಂಬ ಲೆಕ್ಕದ ಕಚೇರಿಯುಂಟು, 354 ದಿವಸಗಳ ಲೆಕ್ಕದ ವರ್ಷವು ಆಷಾಢದಲ್ಲಿ ಮುಗಿಯುವುದು. ಭಂಡಾರದ ಹಣವನ್ನು ಅಪಹರಿಸುವ ಉಪಾಯಗಳನ್ನು ಗ್ರಂಥಕಾರನು 40 ಎಂದು ಎಣಿಸಿದ್ದಾನೆ. ಕಳ್ಳತನಕ್ಕೂ ಲೆಕ್ಕವಿಟ್ಟವನು ಆತನು!

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದುದನ್ನು ವಾಚಕರು ಬಲ್ಲರು. ಅವರು ಬೊಕ್ಕಸವನ್ನು ಜಂಗಮರಿಗೆ ಸೂರೆಗೊಡುತ್ತಿರುವರೆಂದು ಕೊಂಡೆಯರು ಅರಸನ ಕಿವಿಯಲ್ಲೂದಲು, ಎಣಿಸಿ ನೋಡಿದಾಗ ಏನೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುವುವು. ಭಕ್ತರು ಇದನ್ನು ಪವಾಡವೆನ್ನುವರು. ಕರಣಿಕನ ಕಣ್ಣಿಗೆ ಇದೊಂದು ಲೆಕ್ಕತನಿಖೆ. ಶರಣರೊಳಗೆ ಸುಂಕದ ಬಂಕಣ್ಣನೂ ಇದ್ದನೆಂಬುದನ್ನು ಮರೆಯಲಾಗದು.

ಶಾಸನಗಳ ‘ಸೇನಬೋವ’ನೇ ಮುಂದೆ ಶಾನುಭೋಗನಾದನು. ಆತನ ಸಾಧನವು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಹಲಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಉರುಕಿನ ಜೇಡಿಯು ಒಣಗಿದ ಬಳಿಕ ತಿದ್ದಲಸಾಧ್ಯ. ಕಡತವಾದರೋ ಒರಸಿದರೆ ಅಳಿಯುವುದು, ಅದರ ಮೇಲೆಯೇ ಮತ್ತೆ ಬರೆಯಬಹುದು. ಇದು ಅದರ ಗುಣವೂ ಹೌದು, ದೋಷವೂ ಹೌದು. ಭೂದಾನವನ್ನು ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೊರೆಯಿಸಿದ ಹಿರಿಯರಿಗೆ ಈ ಭೇದವು ತಿಳಿಯದಿದ್ದೀತೆ?

1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆಯು ರದ್ದಾಯಿತು; ಹೆಸರು ಮಾತ್ರ ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಉಳಿದಿದೆ. ಶೃಂಗೇರಿ ಮಠದ ಕಡತಗಳು ಜೋಪಾನವಾಗಿ ಉಳಿದುದರಿಂದ ಇತಿಹಾಸಕಾರರಿಗೆ ಮಹೋಪಕಾರವಾಯಿತು. ಹೊನ್ನವಳ್ಳಿಯ ಸುತ್ತಣ ತೆಂಗಿನ ತೋಟದ ಮನೆಗಳಲ್ಲಿ, ಕೊಬ್ಬರಿ ಕೂಡಿಡುವ ಅಟ್ಟದ ಮೂಲೆಯಲ್ಲಿ, ಅಂಥದೊಂದು ಕಪ್ಪು ಮಡಿಕೆಯು ಯಾರಿಗಾದರೂ ದೊರೆತಲ್ಲಿ, ಓದಿಸುವ ಮೊದಲು ದಯವಿಟ್ಟು ಒದ್ದೆಬಟ್ಟೆಯಿಂದ ಒರಸದಿರಲಿ.